ಆರು ಫ್ಯಾನು, ಎರಡು ಹೆಡರು: ಕಂಪ್ಯೂಟರ್ ಒಳಗಿನ ಗಾಳಿಯ ಲೆಕ್ಕ

ಕಲಬುರಗಿಯಲ್ಲಿರುವ ಅಕ್ಕನ ಮಗ ಹೋದ ವರ್ಷ ಹೊಸ ಡೆಸ್ಕ್‌ಟಾಪ್ ಜೋಡಿಸಿಕೊಂಡ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಹೊಸದೇನಲ್ಲ. ಗಾಳಿಗೆ ಕೊರತೆ ಆಗಬಾರದೆಂದು ಆರು ಫ್ಯಾನಿರುವ ಕ್ಯಾಬಿನೆಟ್ ಆರಿಸಿದ್ದ. ಮುಂದೆ ಮೂರು, ಮೇಲೆ ಎರಡು, ಹಿಂದೆ ಒಂದು. ಪ್ರೊಸೆಸರ್ ಕೂಲರ್ ಮೇಲಿನದ್ದು ಬೇರೆ. ಮೊದಲ ಸಲ ಆನ್ ಮಾಡಿದ ದಿನವೇ ಫೋನ್ ಬಂತು.

"ಮಾಮಾ, ಹಿಟ್ಟಿನ ಗಿರಣಿ ಚಾಲೂ ಮಾಡ್ದಂಗ ಆಗ್ಯಾದ."

ವಿಡಿಯೋ ಕಾಲ್ ಮಾಡಿ ಕ್ಯಾಬಿನೆಟ್‌ನ ಎರಡೂ ಬದಿ ತೆಗೆಸಿ ನೋಡಿದೆ. ಆರೂ ಫ್ಯಾನಿನ ವೈರುಗಳು ಒಂದು ಹಬ್‌ಗೆ, ಅಂದರೆ ಹಲವು ಫ್ಯಾನುಗಳನ್ನು ಒಂದೆಡೆ ಸೇರಿಸುವ ಪುಟ್ಟ ಬೋರ್ಡಿಗೆ, ಹೋಗಿದ್ದವು. ಹಬ್‌ನಿಂದ ಒಂದು ಸಾಟಾ ವೈರು ಎಸ್‌ಎಂಪಿಎಸ್‌ಗೆ, ಅಂದರೆ ಕಂಪ್ಯೂಟರಿಗೆ ಕರೆಂಟು ಕೊಡುವ ಪೆಟ್ಟಿಗೆಗೆ, ಹೋಗಿತ್ತು. ಇನ್ನೊಂದು ತೆಳು ವೈರು ಎಲ್ಲಿಗೂ ಸಿಕ್ಕಿಸದೆ ಹಾಗೇ ನೇತಾಡುತ್ತಿತ್ತು. ಪವರ್ ಆಫ್ ಮಾಡಿಸಿ, ಆ ವೈರನ್ನು ಮದರ್‌ಬೋರ್ಡಿನ ಒಂದು ಫ್ಯಾನ್ ಹೆಡರ್‌ಗೆ (ಫ್ಯಾನಿನ ಪ್ಲಗ್ ಕೂರುವ ಪಿನ್‌ಗಳ ಸಾಲು) ಹಾಕಿಸಿದೆ. ಮತ್ತೆ ಆನ್ ಮಾಡಿದಾಗ ಎರಡು ಸೆಕೆಂಡು ಜೋರಾಗಿ ತಿರುಗಿದವು. ಆಮೇಲೆ ಎಲ್ಲವೂ ಮೆತ್ತಗಾದವು.

ಅವನು ಆಗ ಕೇಳಿದ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ವೈರು ಹಾಕದೆ ಬಿಟ್ಟಿದ್ದರೆ ಫ್ಯಾನು ನಿಲ್ಲಬೇಕಿತ್ತಲ್ವಾ? ಅದರ ಬದಲು ಜೋರಾಗಿ ತಿರುಗಿದ್ದು ಯಾಕೆ?

ಇದಕ್ಕೆ ಸರಿಯಾದ ಉತ್ತರ ಸಿಕ್ಕರೆ ಫ್ಯಾನ್ ವೈರಿಂಗ್‌ನ ಮುಕ್ಕಾಲು ಗೊಂದಲ ಕರಗುತ್ತದೆ. ಹೆಡರ್, ಸ್ಪ್ಲಿಟರ್, ಹಬ್, ಮೂರು ಪಿನ್, ನಾಲ್ಕು ಪಿನ್, ಮೊಲೆಕ್ಸ್ ಎಂದು ಕೇಳಿ ತಲೆ ತಿರುಗಿದವರು ಒಂದು ಮಾತು ಹಿಡಿದುಕೊಂಡರೆ ಸಾಕು. ಫ್ಯಾನಿಗೆ ಕರೆಂಟು ಕೊಡುವುದು ಒಂದು ಕೆಲಸ. ಎಷ್ಟು ಜೋರಾಗಿ ತಿರುಗಬೇಕೆಂದು ಹೇಳುವುದು ಬೇರೆ ಕೆಲಸ. ಎಷ್ಟು ತಿರುಗುತ್ತಿದ್ದೇನೆ ಎಂದು ಫ್ಯಾನು ವಾಪಸ್ ಹೇಳುವುದು ಮೂರನೆಯದು. ಕರೆಂಟು, ಅಪ್ಪಣೆ, ವರದಿ. ಯಾವುದೇ ವೈರು ಕೈಗೆ ಸಿಕ್ಕರೂ, ಇದು ಈ ಮೂರರಲ್ಲಿ ಯಾವುದನ್ನು ಹೊರುತ್ತಿದೆ ಎಂದು ಕೇಳಿಕೊಳ್ಳಿ.

ಮನೆಯ ಸೀಲಿಂಗ್ ಫ್ಯಾನನ್ನೇ ನೋಡಿ

ಹಳೆಯ ಸೀಲಿಂಗ್ ಫ್ಯಾನಿಗೆ ಗೋಡೆಯ ಮೇಲೆ ರೆಗ್ಯುಲೇಟರ್ ಇರುತ್ತದೆ. ಅದನ್ನು ತಿರುಗಿಸಿದರೆ ಫ್ಯಾನಿಗೆ ಹೋಗುವ ಕರೆಂಟೇ ಕಡಿಮೆ ಆಗುತ್ತದೆ, ಫ್ಯಾನು ನಿಧಾನವಾಗುತ್ತದೆ. ಅಲ್ಲಿ ಕರೆಂಟು, ಅಪ್ಪಣೆ ಎರಡೂ ಒಂದೇ ವೈರಿನಲ್ಲಿ ಬೆರೆತುಹೋಗಿವೆ. ಈಗ ಬರುವ ರಿಮೋಟಿನ ಬಿಎಲ್‌ಡಿಸಿ ಫ್ಯಾನು ಹಾಗಲ್ಲ. ಅದಕ್ಕೆ ಕರೆಂಟು ಯಾವಾಗಲೂ ಪೂರ್ತಿ ಹೋಗುತ್ತಿರುತ್ತದೆ. ಸ್ಪೀಡು ಎಷ್ಟಿರಬೇಕೆಂದು ರಿಮೋಟು ಹೇಳುತ್ತದೆ. ಫ್ಯಾನಿನ ಒಳಗಿರುವ ಸರ್ಕ್ಯೂಟ್ ಅದನ್ನು ಕೇಳಿ ಮೋಟಾರನ್ನು ಓಡಿಸುತ್ತದೆ. ಅದಕ್ಕೇ ಇಂಥ ಫ್ಯಾನಿಗೆ ಹಳೆಯ ರೆಗ್ಯುಲೇಟರ್ ಹಾಕಬೇಡಿ ಎಂದು ಎಲೆಕ್ಟ್ರಿಷಿಯನ್ ಹೇಳುವುದು.

ಕಂಪ್ಯೂಟರಿನ ಮೂರು ಪಿನ್ ಫ್ಯಾನು ರೆಗ್ಯುಲೇಟರ್ ಥರದ್ದು. ನಾಲ್ಕು ಪಿನ್ ಫ್ಯಾನು ರಿಮೋಟ್ ಥರದ್ದು. ಎರಡರ ಮೋಟಾರೂ ಬ್ರಷ್ ಇಲ್ಲದ ಡಿಸಿ ಮೋಟಾರೇ. ವ್ಯತ್ಯಾಸ ಇರುವುದು ಅಪ್ಪಣೆ ಬರುವ ದಾರಿಯಲ್ಲಿ.

ಪಿನ್‌ಗಳನ್ನು ಕ್ರಮವಾಗಿ ನೋಡೋಣ. ಮೊದಲನೆಯದು ಗ್ರೌಂಡ್. ಎರಡನೆಯದು 12 ವೋಲ್ಟ್. ಈ ಎರಡು ಸೇರಿ ಕರೆಂಟಿನ ದಾರಿ. ಮೂರನೆಯದು ವರದಿ. ನಾಲ್ಕನೆಯದು ಇದ್ದರೆ ಅದೇ ಅಪ್ಪಣೆ. ಪ್ಲಗ್‌ನ ಅಂಚಿನ ತೋಡು ಹೆಡರ್‌ನ ಪ್ಲಾಸ್ಟಿಕ್ ಪಟ್ಟಿಗೆ ಕೂಡಿಕೊಳ್ಳುವಂತೆ ಮಾಡಿರುತ್ತಾರೆ. ಹಾಗಾಗಿ ಮೂರು ಪಿನ್ ಫ್ಯಾನನ್ನು ನಾಲ್ಕು ಪಿನ್ ಹೆಡರ್‌ಗೆ ಹಾಕಬಹುದು, ನಾಲ್ಕನೆಯದು ಖಾಲಿ ಉಳಿಯುತ್ತದೆ. ನಾಲ್ಕು ಪಿನ್ ಫ್ಯಾನನ್ನು ಮೂರು ಪಿನ್ ಹೆಡರ್‌ಗೂ ಹಾಕಬಹುದು. ಬಲವಂತ ಮಾಡದೆ ಕೂತರೆ ಸರಿಯಾಗಿದೆ ಎಂದೇ ಅರ್ಥ.

ನಾಲ್ಕನೆಯ ವೈರಿನಲ್ಲಿ ಅಪ್ಪಣೆ ಹೇಗೆ ಹೋಗುತ್ತದೆ? ಇದಕ್ಕೆ ಪಿಡಬ್ಲ್ಯೂಎಂ ಎನ್ನುತ್ತಾರೆ. ಬೋರ್ಡು ಆ ವೈರನ್ನು ಸೆಕೆಂಡಿಗೆ ಸುಮಾರು 25,000 ಸಲ ಆನ್-ಆಫ್ ಮಾಡುತ್ತದೆ. ಅಂದರೆ ಒಂದು ಆನ್-ಆಫ್‌ಗೆ 40 ಮೈಕ್ರೋಸೆಕೆಂಡು. ಅದರಲ್ಲಿ 16 ಮೈಕ್ರೋಸೆಕೆಂಡು ಆನ್, 24 ಆಫ್ ಆದರೆ ಅಪ್ಪಣೆ ಶೇ. 40 ಎಂದು. ಪೂರ್ತಿ 40 ಆನ್ ಇದ್ದರೆ ಶೇ. 100. ಫ್ಯಾನಿನ ಒಳಗಿನ ಚಿಪ್ಪು ಈ ಅನುಪಾತವನ್ನು ಓದಿ ಸ್ಪೀಡು ಹೊಂದಿಸುತ್ತದೆ. ನಾಲ್ಕು ವೈರಿನ ಫ್ಯಾನು ಹೇಗಿರಬೇಕೆಂದು ಇಂಟೆಲ್ ಬರೆದ ನಿಯಮಾವಳಿ ಇದೆ. ಅದರ 1.3ನೇ ಆವೃತ್ತಿ 2005ರ ಸೆಪ್ಟೆಂಬರ್‌ನದ್ದು. 21ರಿಂದ 28 ಕಿಲೋಹರ್ಟ್ಸ್ ಒಳಗೆ ಎಲ್ಲಿದ್ದರೂ ಸರಿ ಎನ್ನುತ್ತದೆ ಅದು. ಮನುಷ್ಯನ ಕಿವಿಗೆ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ ಮಾತ್ರ. ಹಾಗಾಗಿ ಈ ಆನ್-ಆಫ್ ಸದ್ದು ನಮಗೆ ಕೇಳುವುದೇ ಇಲ್ಲ.

ಈಗ ಹುಡುಗನ ಪ್ರಶ್ನೆಗೆ ಬರೋಣ. ಅದೇ ನಿಯಮದಲ್ಲಿ ಇನ್ನೊಂದು ಮಾತಿದೆ. ನಾಲ್ಕನೆಯ ವೈರನ್ನು ಫ್ಯಾನು ತನ್ನ ಒಳಗಿನಿಂದಲೇ ಮೇಲಕ್ಕೆ, ಅಂದರೆ ಆನ್ ಕಡೆಗೆ, ಎಳೆದು ಹಿಡಿದಿರುತ್ತದೆ. ಬೋರ್ಡು ಮಾಡುವ ಕೆಲಸ ಅದನ್ನು ಆಗಾಗ ಕೆಳಕ್ಕೆ ಎಳೆಯುವುದಷ್ಟೇ. ಕೆಳಕ್ಕೆ ಎಳೆಯುವವರು ಯಾರೂ ಇಲ್ಲದಿದ್ದರೆ ವೈರು ಯಾವಾಗಲೂ ಆನ್. ಫ್ಯಾನಿಗೆ ಅದು ಶೇ. 100 ಎಂದೇ ಕಾಣುತ್ತದೆ. ಯೋಚನೆ ಮಾಡಿದರೆ ಇದು ತುಂಬಾ ಜಾಣತನದ ಏರ್ಪಾಡು. ವೈರು ತುಂಡಾದರೆ, ಪ್ಲಗ್ ಸಡಿಲವಾದರೆ ಫ್ಯಾನು ನಿಂತು ಪ್ರೊಸೆಸರ್ ಬಿಸಿಯಾಗುವುದಕ್ಕಿಂತ ಸದ್ದು ಮಾಡಿ ನಮ್ಮನ್ನು ಕರೆಯುವುದು ಮೇಲು. ಕಲಬುರಗಿಯ ಆ ಗಿರಣಿ ಸದ್ದು ಅದೇ. ಕರೆಂಟು ಹಬ್‌ನಿಂದ ಬರುತ್ತಿತ್ತು, ಅಪ್ಪಣೆ ಮಾತ್ರ ಇರಲಿಲ್ಲ.

ಮೂರು ಪಿನ್ ಫ್ಯಾನಿಗೆ ಅಪ್ಪಣೆಯ ವೈರಿಲ್ಲ. ಅಲ್ಲಿ ಬೋರ್ಡು 12 ವೋಲ್ಟನ್ನೇ 9, 7, 6 ಎಂದು ಇಳಿಸಬೇಕು. ಇದಕ್ಕೆ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮುಂಚೆ ಓಡುವ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಲ್ಲಿ, ಡಿಸಿ ಮೋಡ್ ಎನ್ನುತ್ತಾರೆ. ಇದಕ್ಕೊಂದು ಮಿತಿ ಇದೆ. ತೀರಾ ಇಳಿಸಿದರೆ ಫ್ಯಾನು ಶುರುವೇ ಆಗುವುದಿಲ್ಲ. ಕೆಲವು 5 ವೋಲ್ಟಿಗೆ ಎದ್ದೇಳುತ್ತವೆ, ಕೆಲವಕ್ಕೆ 7 ಬೇಕು. ತಿರುಗುತ್ತಿರುವುದು ತಿರುಗುತ್ತಲೇ ಇರಬಹುದು, ಆದರೆ ನಿಂತಿದ್ದು ಏಳಲು ಜಾಸ್ತಿ ಬೇಕು. ಇನ್ನೊಂದು ಸಾಮಾನ್ಯ ತಪ್ಪು ಇಲ್ಲೇ ಆಗುತ್ತದೆ. ಮೂರು ಪಿನ್ ಫ್ಯಾನು ಹಾಕಿ, ಬಯೋಸ್‌ನಲ್ಲಿ ಆ ಹೆಡರನ್ನು ಪಿಡಬ್ಲ್ಯೂಎಂ ಮೋಡ್‌ನಲ್ಲೇ ಬಿಟ್ಟಿರುತ್ತಾರೆ. ಅಪ್ಪಣೆ ನಾಲ್ಕನೆಯ ಪಿನ್ನಿನಲ್ಲಿ ಹೋಗುತ್ತಿದೆ, ಅದನ್ನು ಕೇಳಲು ಫ್ಯಾನಿಗೆ ಕಿವಿಯೇ ಇಲ್ಲ. 12 ವೋಲ್ಟ್ ಪೂರ್ತಿ ಹೋಗುತ್ತದೆ, ಫ್ಯಾನು ಸದಾ ಫುಲ್ ಸ್ಪೀಡು. "ಕರ್ವ್ ಎಷ್ಟು ಇಳಿಸಿದರೂ ಬಗ್ಗಲ್ಲ" ಎಂದು ಯಾರಾದರೂ ಹೇಳಿದರೆ (ಎಷ್ಟು ಬಿಸಿಗೆ ಎಷ್ಟು ಸ್ಪೀಡು ಎಂಬ ಗೆರೆಯೇ ಕರ್ವ್) ಮೊದಲು ಇದನ್ನು ನೋಡಿ.

ಒಂದು ಹೆಡರ್ ಎಷ್ಟು ಹೊರುತ್ತದೆ

ಆ ಹುಡುಗನ ಬೋರ್ಡಿನಲ್ಲಿ ಇದ್ದದ್ದು ಮೂರೇ ಹೆಡರ್. ಒಂದು ಪ್ರೊಸೆಸರ್ ಕೂಲರ್‌ಗೆ. ಉಳಿದದ್ದು ಎರಡು. ಫ್ಯಾನುಗಳು ಆರು. ಚಿಕ್ಕ ಬೋರ್ಡುಗಳಲ್ಲಿ ಇದೇ ಕಥೆ.

ಸಾಮಾನ್ಯ ಫ್ಯಾನ್ ಹೆಡರ್ ಹೊರುವುದು 1 ಆಂಪಿಯರ್. 12 ವೋಲ್ಟಿಗೆ ಲೆಕ್ಕ ಹಾಕಿದರೆ 12 ವ್ಯಾಟ್. ಬೋರ್ಡಿನ ಕೈಪಿಡಿಯಲ್ಲಿ ಇದನ್ನು ಬರೆದಿರುತ್ತಾರೆ, ನೋಡಿಕೊಳ್ಳಿ. ಪಂಪ್ ಎಂದು ಹೆಸರಿರುವ ಹೆಡರ್ ಇದ್ದರೆ ಅದು ಬಹಳ ಬೋರ್ಡುಗಳಲ್ಲಿ 2 ಅಥವಾ 3 ಆಂಪಿಯರ್ ಹೊರುತ್ತದೆ. ಇನ್ನು ಫ್ಯಾನು ಎಷ್ಟು ಎಳೆಯುತ್ತದೆ? ಅದರ ನಡುವಿನ ಸ್ಟಿಕ್ಕರ್ ಮೇಲೆ ಅಚ್ಚಾಗಿರುತ್ತದೆ. 120 ಮಿಲಿಮೀಟರ್ ಫ್ಯಾನುಗಳಲ್ಲಿ ಹೆಚ್ಚಿನವು 0.1ರಿಂದ 0.3 ಆಂಪಿಯರ್ ಒಳಗೆ ಇರುತ್ತವೆ. ನಾಕ್ಟುವಾ ಕಂಪನಿಯ ಎನ್‌ಎಫ್-ಎ12x25 ಪಿಡಬ್ಲ್ಯೂಎಂ ಫ್ಯಾನು 2,000 ಆರ್‌ಪಿಎಂನಲ್ಲಿ (ನಿಮಿಷಕ್ಕೆ 2,000 ಸುತ್ತು) ಎಳೆಯುವುದು 0.14 ಆಂಪಿಯರ್ ಮಾತ್ರ. ಅಗ್ಗದ ಫ್ಯಾನುಗಳು ಕಡಿಮೆ ಗಾಳಿಗೆ ಅದರ ಎರಡರಷ್ಟು ಎಳೆಯಬಹುದು. ಲೈಟ್ ಇರುವ ಫ್ಯಾನಿನಲ್ಲಿ ಲೈಟಿನ ಕರೆಂಟು ಬೇರೆ ವೈರಿನಲ್ಲಿ ಬರುತ್ತದೆಯೋ, ಇದರಲ್ಲೇ ಬರುತ್ತದೆಯೋ ಎಂದೂ ನೋಡಬೇಕು.

ಅವನ ಫ್ಯಾನುಗಳ ಮೇಲೆ 0.18 ಎಂದಿತ್ತು. ಆರನ್ನೂ ಒಂದೇ ಹೆಡರ್‌ಗೆ ಹಾಕಿದರೆ 1.08 ಆಂಪಿಯರ್. ಮಿತಿ ದಾಟಿತು. ಮೂರು ಹಾಕಿದರೆ 0.54. ಆರಾಮ. ಇಲ್ಲೊಂದು ಎಚ್ಚರ ಬೇಕು. ನಿಂತ ಫ್ಯಾನು ಏಳುವಾಗ ಒಂದು ಗಳಿಗೆ ಜಾಸ್ತಿ ಕರೆಂಟು ಎಳೆಯುತ್ತದೆ. ಬಾವಿಯ ಮೋಟಾರು ಆನ್ ಮಾಡಿದಾಗ ಮನೆಯ ಲೈಟು ಒಮ್ಮೆ ಮಂಕಾಗುವುದಿಲ್ವಾ, ಹಾಗೆ. ಹಾಗಾಗಿ 1 ಆಂಪಿಯರ್ ಹೆಡರ್‌ನಲ್ಲಿ ಲೆಕ್ಕ 0.7ರ ಸುತ್ತ ನಿಂತರೆ ನನಗೆ ನೆಮ್ಮದಿ. 0.95 ಎಂದು ಕಾಗದದ ಮೇಲೆ ಕೂಡಿಕೊಂಡಿತೆಂದು ಹಾಕಿಬಿಡಬೇಡಿ. ಹೆಡರ್ ಸುಟ್ಟರೆ ಹೋಗುವುದು ಮದರ್‌ಬೋರ್ಡು.

ಒಂದು ಹೆಡರ್‌ನಿಂದ ಎರಡು ಮೂರು ಫ್ಯಾನಿಗೆ ಕವಲೊಡೆಸುವ ವೈರೇ ಸ್ಪ್ಲಿಟರ್, ಅಥವಾ ವೈ ಕೇಬಲ್. ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದು ಕರೆಂಟನ್ನು ಹುಟ್ಟಿಸುವುದಿಲ್ಲ. ಇರುವ 1 ಆಂಪಿಯರನ್ನೇ ಹಂಚುತ್ತದೆ.

ಇದರ ಉಲ್ಟಾ ಉಪಾಯವನ್ನು ಕೆಲವರು ಕೇಳುತ್ತಾರೆ. ಎರಡು ಹೆಡರ್ ಸೇರಿಸಿ ಒಂದು ಮಾಡಿದರೆ 2 ಆಂಪಿಯರ್ ಸಿಗುತ್ತದಲ್ವಾ ಎಂದು. ದಯವಿಟ್ಟು ಬೇಡ. ಒಂದು ಹೆಡರ್ 7 ವೋಲ್ಟಿಗೆ, ಇನ್ನೊಂದು 12ಕ್ಕೆ ಇದ್ದರೆ ಕರೆಂಟು ಒಂದರಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಎರಡೂ ಹಾಳಾಗಬಹುದು.

ಫ್ಯಾನುಗಳು ಇನ್ನೂ ಜಾಸ್ತಿ ಇದ್ದರೆ ಹಬ್ ಬೇಕು. ಹಬ್‌ನ ಗುಟ್ಟು ಏನೆಂದರೆ ಅದು ಕರೆಂಟು ಮತ್ತು ಅಪ್ಪಣೆಯನ್ನು ಬೇರೆ ಬೇರೆ ಕಡೆಯಿಂದ ತರುತ್ತದೆ. ಕರೆಂಟು ನೇರ ಎಸ್‌ಎಂಪಿಎಸ್‌ನಿಂದ, ಸಾಟಾ ಅಥವಾ ಮೊಲೆಕ್ಸ್ ಪ್ಲಗ್ ಮೂಲಕ. ಅಪ್ಪಣೆ ಮಾತ್ರ ಮದರ್‌ಬೋರ್ಡಿನಿಂದ, ಆ ತೆಳು ವೈರಿನ ಮೂಲಕ. ಸಾಟಾ ಪವರ್ ಪ್ಲಗ್‌ನಲ್ಲಿ 12 ವೋಲ್ಟಿಗೆ ಮೂರು ಪಿನ್ ಇವೆ, ಒಂದೊಂದಕ್ಕೂ 1.5 ಆಂಪಿಯರ್. ಒಟ್ಟು 4.5. ಹತ್ತು ಫ್ಯಾನು 0.18ರಂತೆ 1.8 ಆಂಪಿಯರ್ ಆಗುತ್ತದೆ, ಅರ್ಧವೂ ಆಗಲಿಲ್ಲ. ಮೊಲೆಕ್ಸ್ ಇನ್ನೂ ಜಾಸ್ತಿ ಹೊರುತ್ತದೆ. ಮೊಲೆಕ್ಸನ್ನು ಸಾಟಾಗೆ ಬದಲಿಸುವ ಅಗ್ಗದ ಅಡಾಪ್ಟರ್‌ಗಳ ಬಗ್ಗೆ ಮಾತ್ರ ಹುಷಾರು. ಪ್ಲಾಸ್ಟಿಕ್ ಕರಗಿಸಿ ವೈರಿನ ಸುತ್ತ ಅಚ್ಚು ಹೊಯ್ದ ಥರದವು ಒಳಗೇ ಶಾರ್ಟ್ ಆಗಿ ಹೊತ್ತಿಕೊಂಡಿದ್ದುಂಟು. ಎಸ್‌ಎಂಪಿಎಸ್ ಜೊತೆ ಬಂದ ವೈರಿನಲ್ಲೇ ಒಂದು ಪ್ಲಗ್ ಖಾಲಿ ಇದ್ದರೆ ಅದನ್ನೇ ಬಳಸಿ.

ಹಬ್ ಇನ್ನೊಂದು ಸೂಕ್ಷ್ಮ ಕೆಲಸ ಮಾಡುತ್ತದೆ. ನಾಲ್ಕನೆಯ ವೈರನ್ನು ಫ್ಯಾನು ಮೇಲಕ್ಕೆ ಎಳೆಯುತ್ತದೆ, ಬೋರ್ಡು ಕೆಳಕ್ಕೆ ಎಳೆಯುತ್ತದೆ ಎಂದೆನಲ್ಲ. ಒಂದು ಫ್ಯಾನು ಎಳೆಯುವುದು ಹೆಚ್ಚೆಂದರೆ 5 ಮಿಲಿಆಂಪಿಯರ್ ಎಂದು ನಿಯಮ. ಎಂಟು ಫ್ಯಾನು ಒಟ್ಟಿಗೆ ಎಳೆದರೆ 40. ಒಬ್ಬನ ವಿರುದ್ಧ ಎಂಟು ಜನ ಹಗ್ಗ ಎಳೆದ ಹಾಗೆ. ಬೋರ್ಡಿನ ಚಿಪ್ಪಿಗೆ ಪೂರ್ತಿ ಕೆಳಕ್ಕೆ ತರಲು ಆಗದಿದ್ದರೆ ಅಪ್ಪಣೆ ಶೇ. 40 ಇದ್ದರೂ ಫ್ಯಾನುಗಳು ಅದಕ್ಕಿಂತ ಜೋರಾಗಿ ತಿರುಗುತ್ತವೆ. ಒಳ್ಳೆಯ ಹಬ್ ಅಪ್ಪಣೆಯನ್ನು ತಾನು ಕೇಳಿಸಿಕೊಂಡು, ಬಲ ತುಂಬಿ ಮುಂದಕ್ಕೆ ಕಳಿಸುತ್ತದೆ.

ವರದಿ ಒಂದೇ ಬಾಯಿಂದ ಬರಬೇಕು

ಮೂರನೆಯ ವೈರಿನ ಕೆಲಸ ಸರಳ. ಫ್ಯಾನು ಒಂದು ಸುತ್ತು ತಿರುಗಿದರೆ ಎರಡು ಮಿಡಿತ ಕಳಿಸುತ್ತದೆ. ನಿಮಿಷಕ್ಕೆ 1,200 ಸುತ್ತು ಎಂದರೆ ಸೆಕೆಂಡಿಗೆ 20 ಸುತ್ತು, 40 ಮಿಡಿತ. ಬೋರ್ಡು ಎಣಿಸಿ ಆರ್‌ಪಿಎಂ ತೋರಿಸುತ್ತದೆ.

ಎರಡು ಫ್ಯಾನಿನ ಮಿಡಿತ ಒಂದೇ ವೈರಿಗೆ ಬಂದರೆ ಎಣಿಕೆ ಕಲಸುಮೇಲೋಗರ. ಅದಕ್ಕೇ ಸರಿಯಾದ ಸ್ಪ್ಲಿಟರ್‌ನಲ್ಲಿ ಒಂದು ಕವಲಿಗೆ ಮಾತ್ರ ನಾಲ್ಕೂ ಪಿನ್ ಇರುತ್ತವೆ. ಉಳಿದ ಕವಲಿನಲ್ಲಿ ಮೂರನೆಯ ಪಿನ್ ಬೇಕೆಂದೇ ತೆಗೆದಿರುತ್ತಾರೆ. ಒಂದು ಪಿನ್ ಇಲ್ಲ, ಡಿಫೆಕ್ಟಿವ್ ಪೀಸು ಎಂದು ವಾಪಸ್ ಕೊಟ್ಟವರನ್ನು ನೋಡಿದ್ದೇನೆ. ಅದು ದೋಷ ಅಲ್ಲ, ಅದೇ ಅದರ ಗುಣ. ಹಬ್‌ನಲ್ಲೂ ಹೀಗೇ. ಒಂದು ಜಾಗ ಮಾತ್ರ ವರದಿ ಕಳಿಸುತ್ತದೆ. ಅದರ ಪಕ್ಕ 1 ಎಂದೋ, ಬೇರೆ ಬಣ್ಣವೋ ಇರುತ್ತದೆ. ಅಲ್ಲಿ ಏನೂ ಹಾಕದೆ ಬಿಟ್ಟರೆ ಬೋರ್ಡಿಗೆ ಸೊನ್ನೆ ಕಾಣುತ್ತದೆ, ಫ್ಯಾನೇ ಇಲ್ಲ ಅಂದುಕೊಳ್ಳುತ್ತದೆ.

ಇದರಿಂದ ಒಂದು ನಷ್ಟವೂ ಇದೆ. ವರದಿ ಕೊಡದ ಫ್ಯಾನು ಸತ್ತರೆ ನಮಗೆ ಗೊತ್ತಾಗುವುದಿಲ್ಲ. ಹಾಗಾಗಿ ಪ್ರೊಸೆಸರ್ ಕೂಲರ್‌ನ ಫ್ಯಾನನ್ನು ಯಾವತ್ತೂ ಹಬ್‌ಗೆ ಹಾಕಬೇಡಿ. ಬೋರ್ಡಿನಲ್ಲಿ ಸಿಪಿಯು ಫ್ಯಾನ್ ಎಂದು ಬರೆದಿರುವ ಹೆಡರ್ ಅದಕ್ಕೇ ಇದೆ. ಆ ಹೆಡರ್‌ನ ವರದಿ ನಿಂತರೆ ಹೆಚ್ಚಿನ ಬೋರ್ಡುಗಳು ಆನ್ ಆಗುವಾಗಲೇ ಎಚ್ಚರಿಸುತ್ತವೆ. ನೀರಿನ ಕೂಲರ್ ಇದ್ದರೆ ಅದರ ಪಂಪಿಗೂ ಇದೇ ಮಾತು. ಹೆಚ್ಚಿನವಕ್ಕೆ ಪಂಪಿನ ಹೆಡರನ್ನು ಫುಲ್ ಸ್ಪೀಡಿಗೆ ಇಡುವುದೇ ಸರಿ. ಫ್ಯಾನಿನ ಹಾಗೆ ಅದನ್ನು ಇಳಿಸಿ ಏರಿಸಿ ಮಾಡಬಾರದು.

ಒಂದೇ ಸ್ಪ್ಲಿಟರ್‌ಗೆ ಬೇರೆ ಬೇರೆ ಕಂಪನಿಯ ಫ್ಯಾನು ಹಾಕಬಹುದೇ? ಕರೆಂಟಿನ ಲೆಕ್ಕದಲ್ಲಿ ಹಾಕಬಹುದು. ಆದರೆ ಶೇ. 40 ಎಂಬ ಅಪ್ಪಣೆಗೆ ಒಂದು 600 ಸುತ್ತು ತಿರುಗಿದರೆ ಇನ್ನೊಂದು 900 ತಿರುಗಬಹುದು. ಬೋರ್ಡಿಗೆ ಕಾಣುವುದು ಒಂದೇ. ಮೂರು ಪಿನ್ ಮತ್ತು ನಾಲ್ಕು ಪಿನ್ ಫ್ಯಾನನ್ನು ಮಾತ್ರ ಒಂದೇ ಸ್ಪ್ಲಿಟರ್‌ಗೆ ಸೇರಿಸಬೇಡಿ. ಒಂದಕ್ಕೆ ಹೊಂದುವ ಮೋಡ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಲೈಟಿನ ವೈರಿಗೂ ಫ್ಯಾನಿನ ವೈರಿಗೂ ಸಂಬಂಧ ಇಲ್ಲ. ಆದರೂ ಒಂದು ಮಾತು ಹೇಳಲೇಬೇಕು, ಯಾಕೆಂದರೆ ದುಡ್ಡು ಹಾಳಾಗುವುದು ಇಲ್ಲೇ ಜಾಸ್ತಿ. ಬಣ್ಣದ ಲೈಟಿಗೆಂದಿರುವ ಆರ್‌ಜಿಬಿ ಹೆಡರ್ 12 ವೋಲ್ಟಿನದ್ದು, ನಾಲ್ಕು ಪಿನ್. ಎಆರ್‌ಜಿಬಿ ಹೆಡರ್ 5 ವೋಲ್ಟಿನದ್ದು, ನಾಲ್ಕರ ಜಾಗದಲ್ಲಿ ಮೂರೇ ಪಿನ್. 5 ವೋಲ್ಟಿನ ಲೈಟನ್ನು 12 ವೋಲ್ಟಿಗೆ ಕೂರಿಸಿದರೆ ಲೈಟು ಸುಟ್ಟುಹೋಗುತ್ತದೆ. ಹೆಡರ್ ಪಕ್ಕ ಬೋರ್ಡಿನ ಮೇಲೆ ಏನು ಅಚ್ಚಾಗಿದೆ ಎಂದು ಟಾರ್ಚ್ ಹಾಕಿ ಓದಿ, ಆಮೇಲೆ ಪ್ಲಗ್ ಮುಟ್ಟಿ.

ಕಡಿಮೆ ಬೆಲೆಯ ಕ್ಯಾಬಿನೆಟ್ ಜೊತೆ ಬರುವ ಕೆಲವು ಫ್ಯಾನುಗಳಿಗೆ ಬರೀ ಮೊಲೆಕ್ಸ್ ಪ್ಲಗ್ ಇರುತ್ತದೆ. ಅವಕ್ಕೆ ಕರೆಂಟು ಇದೆ. ಅಪ್ಪಣೆ, ವರದಿ ಎರಡೂ ಇಲ್ಲ. ಆನ್ ಎಂದರೆ ಫುಲ್ ಸ್ಪೀಡು, ಅಷ್ಟೇ. ಇನ್ನು ಕೆಲವಕ್ಕೆ ಆರು ಪಿನ್ನಿನ ಬೇರೆಯೇ ಪ್ಲಗ್ಗು, ಜೊತೆಗೆ ಅದರದೇ ಹಬ್ಬು, ಅದರದೇ ರಿಮೋಟು. ಅಂಥವನ್ನು ಮದರ್‌ಬೋರ್ಡಿನಿಂದ ನಿಯಂತ್ರಿಸಲು ಆಗದೇ ಇರಬಹುದು. ಕೊಳ್ಳುವ ಮುಂಚೆ ಫ್ಯಾನು ಎಷ್ಟಿವೆ ಎಂದು ಎಣಿಸುವ ಬದಲು ಪ್ಲಗ್ ಯಾವುದು ಎಂದು ಕೇಳಿ.

ಜಾಸ್ತಿ ಫ್ಯಾನು ಯಾಕೆ ಬೇಕು

ಇಷ್ಟೆಲ್ಲ ವೈರಿಂಗ್ ಕಷ್ಟ ಯಾಕೆ ಪಡಬೇಕು? ಒಂದೇ ಜೋರು ಫ್ಯಾನು ಸಾಲದಾ? ಇಲ್ಲಿ ಒಂದು ಲೆಕ್ಕ ಇದೆ. ನನಗೆ ಈ ಇಡೀ ವಿಷಯದಲ್ಲಿ ಅತಿ ಚೆಂದ ಅನ್ನಿಸುವುದು ಇದೇ.

ಫ್ಯಾನಿನ ಸ್ಪೀಡು ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತದೆ. ಒತ್ತುವ ಬಲ ಕಾಲು ಭಾಗಕ್ಕೆ ಇಳಿಯುತ್ತದೆ. ಎಳೆಯುವ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸದ್ದು ಸುಮಾರು 15 ಡೆಸಿಬಲ್ ಕಡಿಮೆ ಆಗುತ್ತದೆ. ಅದೇ ಥರದ ಇನ್ನೊಂದು ಫ್ಯಾನು ಪಕ್ಕದಲ್ಲಿ ಸೇರಿಸಿದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಈಗ ಕೂಡಿಸಿ. ಒಂದು ಫ್ಯಾನು 1,500 ಸುತ್ತಿನಲ್ಲಿ ಕೊಡುವ ಗಾಳಿಯನ್ನು ಎರಡು ಫ್ಯಾನು 750 ಸುತ್ತಿನಲ್ಲಿ ಕೊಡುತ್ತವೆ. ಅದೂ ಕಾಲು ಭಾಗದ ಶಕ್ತಿಯಲ್ಲಿ, ಸುಮಾರು 12 ಡೆಸಿಬಲ್ ಕಡಿಮೆ ಸದ್ದಿನಲ್ಲಿ.

ಅಂದರೆ ಜಾಸ್ತಿ ಫ್ಯಾನು ಇರುವುದರ ನಿಜವಾದ ಲಾಭ ಎಲ್ಲವನ್ನೂ ನಿಧಾನ ತಿರುಗಿಸಬಹುದು ಎಂಬುದೇ. ಅಪ್ಪಣೆಯ ವೈರು ಇಲ್ಲದ ಆರು ಫ್ಯಾನು ಬರೀ ಸದ್ದು. ಈ ಲೆಕ್ಕ ಅಡ್ಡಿಯಿಲ್ಲದ ಗಾಳಿಯದ್ದು ಎನ್ನುವುದು ನೆನಪಿರಲಿ. ದಪ್ಪ ಫಿಲ್ಟರ್, ರೇಡಿಯೇಟರ್ ಹಿಂದೆ ಕೂತ ಫ್ಯಾನಿಗೆ ಒತ್ತುವ ಬಲವೂ ಬೇಕು. ಅದನ್ನು ತೀರಾ ಇಳಿಸಿದರೆ ಗಾಳಿ ಅರ್ಧಕ್ಕಿಂತ ಕಡಿಮೆ ಆಗುತ್ತದೆ.

ಎಷ್ಟು ನಿಧಾನ, ಯಾವಾಗ ಜೋರು ಎಂದು ನಿರ್ಧರಿಸುವುದು ಕರ್ವ್. ಬಯೋಸ್‌ನಲ್ಲಿ ಆಸುಸ್‌ನವರು ಕ್ಯೂ-ಫ್ಯಾನ್ ಎನ್ನುತ್ತಾರೆ, ಗಿಗಾಬೈಟ್‌ನವರು ಸ್ಮಾರ್ಟ್ ಫ್ಯಾನ್ ಎನ್ನುತ್ತಾರೆ. ಹೆಸರು ಏನೇ ಇರಲಿ, ಒಂದು ಕಡೆ ಉಷ್ಣತೆ, ಇನ್ನೊಂದು ಕಡೆ ಶೇಕಡಾ. ನಡುವೆ ಗೆರೆ. ಆದರೆ ಯಾವ ಉಷ್ಣತೆ ಎನ್ನುವುದನ್ನು ಬಹಳ ಜನ ನೋಡುವುದಿಲ್ಲ. ಬಯೋಸ್ ಸಾಮಾನ್ಯವಾಗಿ ಪ್ರೊಸೆಸರ್‌ನ ಬಿಸಿಯನ್ನೇ ಎಲ್ಲ ಫ್ಯಾನಿಗೂ ಕಟ್ಟಿರುತ್ತದೆ. ಪ್ರೊಸೆಸರ್ ತುಂಬಾ ಚಂಚಲ. ಬ್ರೌಸರ್ ತೆರೆದರೆ ಸಾಕು, ಒಂದು ಗಳಿಗೆ 45ರಿಂದ 65ಕ್ಕೆ ಹಾರಿ ಮತ್ತೆ ಇಳಿಯುತ್ತದೆ. ಅದರ ಹಿಂದೆ ಫ್ಯಾನುಗಳೂ ಏರುತ್ತಾ ಇಳಿಯುತ್ತಾ ಇರುತ್ತವೆ. ಒಂದೇ ಸಮನೆ ಇರುವ ಸದ್ದು ಕಿವಿಗೆ ರೂಢಿ ಆಗುತ್ತದೆ, ಈ ಏರಿಳಿತ ಆಗುವುದಿಲ್ಲ. ಇದಕ್ಕೆ ಬಯೋಸ್‌ನಲ್ಲೇ ಮದ್ದಿದೆ. ಸ್ಪೀಡು ಏರಲು, ಇಳಿಯಲು ಎಷ್ಟು ಸೆಕೆಂಡು ತಡ ಮಾಡಬೇಕು ಎಂಬ ಆಯ್ಕೆ ಇರುತ್ತದೆ. ಕ್ಯಾಬಿನೆಟ್ ಫ್ಯಾನುಗಳಿಗೆ ನಾನು ಇರುವುದರಲ್ಲೇ ದೊಡ್ಡ ಸಂಖ್ಯೆ ಇಡುತ್ತೇನೆ. ಕ್ಯಾಬಿನೆಟ್ ಒಳಗಿನ ಗಾಳಿ ಸೆಕೆಂಡಿನಲ್ಲಿ ಬಿಸಿಯಾಗುವುದಿಲ್ಲ.

ಗೇಮ್ ಆಡುವವರಿಗೆ ಇನ್ನೊಂದು ತೊಡಕು. ಆಗ ಬಿಸಿ ಆಗುವುದು ಗ್ರಾಫಿಕ್ಸ್ ಕಾರ್ಡು. ಅದರ ಉಷ್ಣತೆ ಸಾಮಾನ್ಯವಾಗಿ ಬಯೋಸ್‌ಗೆ ಕಾಣುವುದಿಲ್ಲ. ಕಾರ್ಡು ಕುದಿಯುತ್ತಿದ್ದರೂ ಪ್ರೊಸೆಸರ್ ಆರಾಮಾಗಿದ್ದರೆ ಮುಂದಿನ ಫ್ಯಾನುಗಳು ನಿಧಾನವಾಗಿಯೇ ಇರುತ್ತವೆ. ವಿಂಡೋಸ್‌ನಲ್ಲಿ ಫ್ಯಾನ್‌ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ಇದನ್ನು ಬಗೆಹರಿಸುತ್ತದೆ. ಪ್ರೊಸೆಸರ್, ಗ್ರಾಫಿಕ್ಸ್ ಎರಡರಲ್ಲಿ ಯಾವುದು ಜಾಸ್ತಿ ಬಿಸಿಯೋ ಅದನ್ನು ಹಿಡಿದು ನಡೆ ಎಂದು ಹೇಳಬಹುದು. ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಹಾಕಿಕೊಂಡರೆ ಪಿಡಬ್ಲ್ಯೂಎಂಕಾನ್ಫಿಗ್, ಫ್ಯಾನ್‌ಕಂಟ್ರೋಲ್ ಎಂಬ ಪುಟ್ಟ ಸಾಧನಗಳು ಸಿಗುತ್ತವೆ. ಅಲ್ಲಿ ಅಪ್ಪಣೆ 0ರಿಂದ 255ರವರೆಗಿನ ಸಂಖ್ಯೆ. 128 ಎಂದರೆ ಸುಮಾರು ಅರ್ಧ. ಸಾಫ್ಟ್‌ವೇರ್ ಏನೇ ಇದ್ದರೂ ಬಯೋಸ್‌ನಲ್ಲಿ ಒಂದು ಒಳ್ಳೆಯ ಕರ್ವ್ ಇಟ್ಟಿರಿ. ವಿಂಡೋಸ್ ಶುರುವಾಗುವ ಮುಂಚೆ ಅದೇ ಗತಿ.

ಕಲಬುರಗಿಯಲ್ಲಿ ಕೊನೆಗೆ ಮಾಡಿದ್ದು

ದಸರೆಗೆ ಹೋದಾಗ ಆ ಮಿಷನ್ ಮುಂದೆ ನಾವಿಬ್ಬರೂ ಅರ್ಧ ದಿನ ಕೂತೆವು. ಹಬ್ ತೆಗೆದುಬಿಟ್ಟೆವು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಹಬ್ ಆರೂ ಫ್ಯಾನಿಗೆ ಒಂದೇ ಅಪ್ಪಣೆ ಕೊಡುತ್ತದೆ. ನಮಗೆ ಎರಡು ಬೇಕಿತ್ತು. ಮುಂದಿನ ಮೂರನ್ನು ಒಂದು ಸ್ಪ್ಲಿಟರ್ ಹಾಕಿ ಮೊದಲ ಹೆಡರ್‌ಗೆ ಕೊಟ್ಟೆವು. ಮೇಲಿನ ಎರಡು, ಹಿಂದಿನ ಒಂದನ್ನು ಇನ್ನೊಂದು ಸ್ಪ್ಲಿಟರ್ ಹಾಕಿ ಎರಡನೆಯದಕ್ಕೆ. ಎರಡು ಕಡೆಯೂ 0.54 ಆಂಪಿಯರ್.

ಹೀಗೆ ಬೇರೆ ಮಾಡಿದ್ದಕ್ಕೆ ಧೂಳೂ ಒಂದು ಕಾರಣ. ಮುಂದೆ ಮೂರು ಒಳಕ್ಕೆ, ಮೇಲೆ ಹಿಂದೆ ಸೇರಿ ಮೂರು ಹೊರಕ್ಕೆ. ಸಮ ಅನ್ನಿಸುತ್ತದೆ. ಆದರೆ ಮುಂದೆ ಫಿಲ್ಟರ್ ಇದೆ, ಅದು ಗಾಳಿ ತಡೆಯುತ್ತದೆ. ಒಳಗೆ ಬರುವುದಕ್ಕಿಂತ ಹೊರಗೆ ಹೋಗುವುದು ಜಾಸ್ತಿ ಆದರೆ ಕ್ಯಾಬಿನೆಟ್ ಸಂದುಗೊಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ. ಆ ಸಂದಿಗೆ ಫಿಲ್ಟರ್ ಇಲ್ಲ. ಕರಿಮಣ್ಣಿನ ಸೀಮೆಯ ಧೂಳು ಅಲ್ಲಿಂದ ಒಳಗೆ ಬರುತ್ತದೆ. ಹಾಗಾಗಿ ಮುಂದಿನ ಗುಂಪಿಗೆ ಯಾವಾಗಲೂ ಶೇ. 10ರಷ್ಟು ಜಾಸ್ತಿ ಅಪ್ಪಣೆ ಇಟ್ಟೆವು. ಈಗ ಒಳಗಿನ ಗಾಳಿಯೇ ಸಂದುಗಳಿಂದ ಹೊರಗೆ ತಳ್ಳುತ್ತದೆ.

ಕರ್ವ್ ಹೀಗಿದೆ. ಮುಂದಿನ ಗುಂಪು 50 ಡಿಗ್ರಿವರೆಗೆ ಶೇ. 40. ಅಲ್ಲಿಂದ ಮೆಲ್ಲಗೆ ಏರಿ 70ಕ್ಕೆ ಶೇ. 60, 80ಕ್ಕೆ ಶೇ. 85. ಅದರ ಮೇಲೆ ಪೂರ್ತಿ. ಇದು ನಿಮ್ಮ ಮಿಷನ್‌ಗೆ ಹೊಂದಬೇಕೆಂದಿಲ್ಲ. ಶೇ. 100ರಿಂದ ಐದೈದು ಇಳಿಸುತ್ತಾ ಹೋಗಿ, ಸದ್ದು ಕೇಳದಂತಾದ ಜಾಗವನ್ನು ಗುರುತು ಮಾಡಿಕೊಳ್ಳಿ. ಅದೇ ನಿಮ್ಮ ಕೆಳಗಿನ ಗೆರೆ. ಒಂದು ಸ್ಪೀಡಿನಲ್ಲಿ ಮಾತ್ರ ಕ್ಯಾಬಿನೆಟ್ ಗುಂಯ್ ಎನ್ನುತ್ತಿದ್ದರೆ ಕರ್ವ್ ಆ ಜಾಗದಲ್ಲಿ ನಿಲ್ಲದಂತೆ ಗೆರೆ ಜರುಗಿಸಿ.

ಬೇಸಿಗೆಯದ್ದು ಬೇರೆ ಲೆಕ್ಕ. ಫ್ಯಾನು ಎಷ್ಟೇ ಇದ್ದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಅದು ಮಾಡುವುದು ಕೋಣೆಗೂ ಪ್ರೊಸೆಸರ್‌ಗೂ ನಡುವಿನ ಅಂತರವನ್ನು ಹಿಡಿದಿಡುವ ಕೆಲಸ. ಪೂರ್ತಿ ಕೆಲಸದಲ್ಲಿ ಆ ಅಂತರ 40 ಇದ್ದರೆ, 25 ಡಿಗ್ರಿ ಕೋಣೆಯಲ್ಲಿ ಪ್ರೊಸೆಸರ್ 65, 40 ಡಿಗ್ರಿ ಕೋಣೆಯಲ್ಲಿ 80. ದಸರೆಯಲ್ಲಿ ಬರೆದ ಕರ್ವ್ ಮೇ ತಿಂಗಳಿಗೆ ಹೊಂದುವುದಿಲ್ಲ. ಅವನು ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಉಳಿಸಿಕೊಂಡಿದ್ದಾನೆ. ಯುಗಾದಿ ಹೊತ್ತಿಗೆ ಒಂದನ್ನು ಹಾಕುತ್ತಾನೆ, ಮಳೆ ಹಿಡಿದ ಮೇಲೆ ಇನ್ನೊಂದನ್ನು.

ಪ್ರತಿ ಸ್ಪ್ಲಿಟರ್‌ಗೆ ಕಾಗದದ ಟೇಪು ಸುತ್ತಿ "ಮುಂದಿನ ಮೂರು", "ಮೇಲೆ-ಹಿಂದೆ" ಎಂದು ಬರೆದಿಟ್ಟೆವು. ಒಂದೊಂದು ಗುಂಪನ್ನೇ ಶೇ. 100ಕ್ಕೆ ಏರಿಸಿ, ಸರಿಯಾದ ಫ್ಯಾನುಗಳೇ ಜೋರಾದವಾ ಎಂದು ಬೆರಳು ದೂರ ಇಟ್ಟು ಗಾಳಿ ನೋಡಿದೆವು. ವರದಿ ಕೊಡದ ನಾಲ್ಕು ಫ್ಯಾನುಗಳಿಗಾಗಿ ಅವನು ತಿಂಗಳಿಗೊಮ್ಮೆ ಬಾಗಿಲು ತೆಗೆದು ಕಣ್ಣಿನಿಂದಲೇ ನೋಡುತ್ತಾನೆ.

ಮರುದಿನ ಆಯುಧಪೂಜೆ. ಪೂಜೆಗೆ ಮುಂಚೆ ಬ್ಲೋವರ್ ಹಿಡಿದು ಧೂಳು ಹಾರಿಸಲು ಹೊರಟ. ತಡೆದೆ. ಬ್ಲೋವರ್ ಗಾಳಿಗೆ ಫ್ಯಾನು ತನ್ನ ಮಿತಿ ಮೀರಿ ತಿರುಗುತ್ತದೆ, ಬೇರಿಂಗ್ ಹಾಳಾಗುತ್ತದೆ. ತಿರುಗುವ ಮೋಟಾರು ಡೈನಮೋ ಥರ ಕರೆಂಟನ್ನು ಬೋರ್ಡಿನ ಕಡೆಗೆ ವಾಪಸ್ ತಳ್ಳಲೂಬಹುದು. ಪವರ್ ಕಾರ್ಡ್ ಕಿತ್ತು, ಎಡಗೈ ಬೆರಳಿಂದ ರೆಕ್ಕೆ ಒತ್ತಿ ಹಿಡಿದು, ಬಲಗೈಯಲ್ಲಿ ಬ್ಲೋವರ್. ಹೀಗೆ ಏಳು ಫ್ಯಾನೂ ಮುಗಿಸಲು ನಮಗೆ ಹತ್ತು ನಿಮಿಷ ಹಿಡಿಯಿತು.